ಮಡಿಸದ ಬಟ್ಟೆ

ಮೂವತ್ತೆರಡು ಪದರವಿತ್ತೋ, ಅರವತ್ತನಾಲ್ಕೋ? ಐದು ಸಲ ಮಡಿಸಿದ್ದಂತೂ ನಿಜ. ಎಲ್ಲರ ಕಣ್ಣೆದುರಿಗೇ ಚೆನ್ನಾಜಮ್ಮ ಮಡಿಸಿದಳು. ಆಮೇಲೆ ನನ್ನ ಕಡೆಗೆ ತಿರುಗಿ, ನನ್ನ ಉತ್ತರಕ್ಕೆ ಕಾಯುತ್ತ ನಿಂತಿದ್ದಾಗ, ಅವಳ ಕೈಗಳು ತಮ್ಮಷ್ಟಕ್ಕೆ ತಾವೇ ಇನ್ನೊಂದು ಸಲ ಮಡಿಸಿದವೇ? ಕೆಲವು ದಿನ ಮಡಿಸಿದವು ಎನ್ನಿಸುತ್ತದೆ, ಕೆಲವು ದಿನ ಇಲ್ಲ. ಮೇಜಿನ ಮೇಲೆ ಆ ಬಿಳಿಯ ಪಂಚೆ ಇತ್ತು. ಅದರ ಅಂಚಿನಲ್ಲಿ ಪದರಗಳು ಮುಚ್ಚಿಟ್ಟ ಪುಸ್ತಕದ ಹಾಳೆಗಳಂತೆ ಒತ್ತಾಗಿ ಕೂತಿದ್ದವು. ನಾನು ಆ ಅಂಚನ್ನೇ ನೋಡುತ್ತ ಒಂದೊಂದಾಗಿ ಎಣಿಸುತ್ತಿದ್ದೆ. ಹತ್ತೊಂಬತ್ತಕ್ಕೆ ಬಂದಾಗ ಕಣ್ಣು ಜಾರಿತು. ಮತ್ತೆ ಮೊದಲಿನಿಂದ ಶುರುಮಾಡಿದೆ. ಇಷ್ಟು ವರ್ಷಗಳಾದರೂ, ಇಸ್ತ್ರಿಯಾಗಿ ಬಂದ ಬಿಳಿ ಬಟ್ಟೆಯ ಅಂಚು ಕಣ್ಣಿಗೆ ಬಿದ್ದರೆ ಮುಖ ತಿರುಗಿಸಿಕೊಳ್ಳುತ್ತೇನೆ. ದುಃಖವಲ್ಲ, ಪಶ್ಚಾತ್ತಾಪ ಎನ್ನುವಷ್ಟು ದೊಡ್ಡದೂ ಅಲ್ಲ. ಹೇಸಿಗೆ.

ಆಗ ನಾನು ಪದವಿ ಮುಗಿಸಿ ಕೆಲಸವಿಲ್ಲದೆ ಇದ್ದೆ. ಊರಿನಲ್ಲಿ ಗಣಿತಕ್ಕೆ ಹೆಸರಾಗಿದ್ದ ಪಟ್ಟಾಭಿ ಮೇಷ್ಟ್ರಿಗೆ ವಯಸ್ಸಾಗಿ ಕಣ್ಣು ಮಂಜಾಗಿತ್ತು. ಅವರಿಗೆ ಓದಿ ಹೇಳಲು, ಅವರು ಹೇಳಿದ್ದನ್ನು ಬರೆಯಲು ಒಬ್ಬರು ಬೇಕಾಗಿತ್ತು. ನನಗೆ ಸಿಕ್ಕಿದ್ದು ಎರಡು ಹೊತ್ತಿನ ಊಟ, ಅಟ್ಟದ ಮೇಲೊಂದು ಕೋಣೆ, ಮತ್ತು ಒಂದು ಭರವಸೆ. ಪ್ರೌಢಶಾಲೆಯಲ್ಲಿ ಗಣಿತದ ಜಾಗ ಖಾಲಿಯಾದಾಗ ನನ್ನ ಪರವಾಗಿ ಒಂದು ಮಾತು ಹೇಳುತ್ತೇನೆ ಎಂದಿದ್ದರು. ಅವರ ಮಾತು ಆ ಊರಿನಲ್ಲಿ ನಡೆಯುತ್ತಿತ್ತು.

ಮೇಷ್ಟ್ರದು ಬಹಳ ಮಡಿ. ಅವರ ಪೂಜೆಯ ಪಂಚೆ ನಡುಮನೆಯ ಸೂರಿಗೆ ಹತ್ತಿರ, ಯಾರ ತಲೆಯೂ ತಾಗದ ಎತ್ತರದಲ್ಲಿ, ಒಂದು ಬಿದಿರ ಗಳುವಿನ ಮೇಲೆ ಒಣಗುತ್ತಿತ್ತು. ಅದನ್ನು ಕೋಲಿನಿಂದ ಎತ್ತಿ, ಕೋಲಿನಿಂದಲೇ ಇಳಿಸುತ್ತಿದ್ದರು. ನಾನು ಅದರ ಕೆಳಗೆ ಹಾದುಹೋದರೂ "ಸ್ವಲ್ಪ ಬಗ್ಗಿ ನಡಿಯಯ್ಯ" ಎನ್ನುತ್ತಿದ್ದರು. ಅದೇ ಮೇಷ್ಟ್ರು ದಿನವಿಡೀ ನಸ್ಯ ಏರಿಸುತ್ತಿದ್ದರು. ಅವರ ಕರವಸ್ತ್ರ ಸಂಜೆಯ ಹೊತ್ತಿಗೆ ಕಂದುಬಣ್ಣಕ್ಕೆ ತಿರುಗಿ, ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಬಾರದಂತಾಗುತ್ತಿತ್ತು. ಅದನ್ನು ಪುಸ್ತಕದ ಮೇಲೇ ಇಡುವರು. ಬರೆಯುತ್ತ ಕೂತ ನನ್ನ ಮೊಣಕೈಗೆ ಅದರ ಒದ್ದೆ ತಾಗಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಜಗತ್ತಿಗೆಲ್ಲ ಮೈಲಿಗೆ ಹಚ್ಚುವ ಮನುಷ್ಯನಿಗೆ ತನ್ನ ಮೂಗಿನದು ಮಾತ್ರ ಮೈಲಿಗೆಯಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಅವರಿಗಿಂತ ನಾನು ಶುದ್ಧ ಎಂಬ ಸಣ್ಣದೊಂದು ಸುಖವೂ ಅದರಲ್ಲಿತ್ತು. ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಹೇಳದಿರುವುದನ್ನು ಆಗ ನಾನು ಗಾಂಭೀರ್ಯವೆಂದು ತಿಳಿದಿದ್ದೆ.

ಆ ಕರವಸ್ತ್ರಗಳನ್ನು ಒಗೆಯುತ್ತಿದ್ದವಳು ಚೆನ್ನಾಜಮ್ಮ. ಊರಿನ ಬಟ್ಟೆ ಒಗೆಯುವ ಮನೆತನದವಳು, ಮೂವತ್ತನಾಲ್ಕರ ಹೆಂಗಸು. ಬೀದಿಯ ತಿರುವಿನಲ್ಲಿ ಒಂದು ತಗಡಿನ ಮರೆಯಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡಿದ್ದಳು. ಸೋಮವಾರ, ಗುರುವಾರ ಮೇಷ್ಟ್ರ ಮನೆಗೆ ಬಟ್ಟೆಗೆ ಬರುವಳು. ಊರಿಗೆಲ್ಲ ಬಟ್ಟೆ ಶುಭ್ರ ಮಾಡಿಕೊಡುತ್ತಿದ್ದವಳ ಕೈ ತಾಗಿದ ಬಟ್ಟೆ ಆ ಮನೆಯಲ್ಲಿ ಮಡಿಯಲ್ಲ. ಅವಳು ಹೋದಮೇಲೆ ಮೇಷ್ಟ್ರು ಅದನ್ನು ಮತ್ತೊಮ್ಮೆ ನೀರಿಗೆ ಹಾಕಿಸುತ್ತಿದ್ದರು. ಅವಳು ಹಾಕಿದ ಇಸ್ತ್ರಿಯ ಗೆರೆ ಆ ನೀರಿನಲ್ಲಿ ಅಳಿಸಿಹೋಗುತ್ತಿತ್ತು. ಅವಳಿಗೆ ಅದು ಗೊತ್ತಿತ್ತು. ಆದರೂ ಗೆರೆ ತಪ್ಪದಂತೆ ಇಸ್ತ್ರಿ ಹಾಕಿಯೇ ತರುತ್ತಿದ್ದಳು.

"ಮೇಷ್ಟ್ರ ಕರವಸ್ತ್ರಕ್ಕೆ ನಾನು ಬೇರೆ ಕಲ್ಲೇ ಇಟ್ಟಿದೀನಿ, ಚಿಕ್ಕ ಮೇಷ್ಟ್ರೇ. ಬೇರೆ ಬಟ್ಟೆಗೆ ಮೈಲಿಗೆ ಆಗ್ಬಾರ್ದಲ್ಲ" ಎಂದು ಒಂದು ದಿನ ನನಗೆ ಮಾತ್ರ ಕೇಳುವಂತೆ ಹೇಳಿ, ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಚಿಕ್ಕ ಮೇಷ್ಟ್ರೇ ಎಂದು ನನ್ನನ್ನು ಕರೆದವರಲ್ಲಿ ಅವಳೇ ಮೊದಲಿಗಳು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳನ್ನು ನಾನು 'ನೀನು' ಎನ್ನುತ್ತಿದ್ದೆ. ಆ ಮನೆಯಲ್ಲಿ ಹಾಗೇ ರೂಢಿ.

ಸಂಜೆ ಮೇಷ್ಟ್ರು ಜಗಲಿಯ ಮೇಲೆ ನಾಲ್ಕಾರು ಜನಕ್ಕೆ ಗಣಿತ ಹೇಳುತ್ತಿದ್ದರು. ಚೆನ್ನಾಜಮ್ಮ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೆಳಗಿನ ಮೆಟ್ಟಿಲಲ್ಲಿ ಕೂತಿರುತ್ತಿದ್ದಳು. ಬಟ್ಟೆ ಎಣಿಸಿಕೊಡುವವರಿಗೆ ಕಾಯುತ್ತಿದ್ದಾಳೆ ಎಂದು ಎಲ್ಲರೂ ತಿಳಿದಿದ್ದರು. ಅವಳು ಕಾಯುತ್ತಿದ್ದುದು ಪಾಠಕ್ಕೆ ಎಂದು ನನಗೆ ತಿಳಿದದ್ದು, ಒಂದು ಗುರುವಾರ ನಾನು ಬಟ್ಟೆ ಕೊಡಲು ಮೆಟ್ಟಿಲಿಳಿದಾಗ.

"ಚಿಕ್ಕ ಮೇಷ್ಟ್ರೇ, ಒಂದು ಮಾತು ಕೇಳ್ಲಾ? ನಗಬಾರ್ದು."

"ಕೇಳು."

"ಎರಡರ ಮೂರನೇ ಘಾತ ಆರು ತಾನೇ?"

"ಎಂಟು."

"ಅದ್ಹೆಂಗೆ? ದೊಡ್ಡ ಮೇಷ್ಟ್ರು ಈಗ ತಾನೆ ಹೇಳಿದ್ರಲ್ಲ, ಘಾತ ಅಂದ್ರೆ ಮಡಿ, ಮೂರನೇ ಘಾತ ಅಂದ್ರೆ ಮುಮ್ಮಡಿ ಅಂತ. ಇಮ್ಮಡಿ ಅಂದ್ರೆ ಎರಡರಷ್ಟು, ಮುಮ್ಮಡಿ ಅಂದ್ರೆ ಮೂರರಷ್ಟು. ಎರಡರ ಮೂರರಷ್ಟು ಆರು. ನಂದೇನು ತಪ್ಪು?"

ಅವಳದೇನೂ ತಪ್ಪಿರಲಿಲ್ಲ. ತಪ್ಪು ಆ ಪದದ್ದು. ಮೇಷ್ಟ್ರಿಗೆ ಹಳೆಯ ಪದಗಳ ಮೇಲೆ ಪ್ರೀತಿ. ಜಗಲಿಯ ಮೇಲಿದ್ದವರೂ ಪ್ರತಿವರ್ಷ ಇದೇ ಆರನ್ನು ಬರೆದು ಪೆಟ್ಟು ತಿನ್ನುತ್ತಿದ್ದರು. ಯಾಕೆಂದು ಕೇಳಿದವರಲ್ಲಿ ಇವಳೇ ಮೊದಲಿಗಳು.

"ಕೂಡುತ್ತ ಹೋಗಬಾರದು, ಗುಣಿಸುತ್ತ ಹೋಗಬೇಕು. ಎರಡನ್ನು ಎರಡರಿಂದ, ಬಂದದ್ದನ್ನು ಮತ್ತೆ ಎರಡರಿಂದ" ಎಂದೆ.

"ಮೊದ್ಲು ನಾನು ಘಾತ ಅಂದ್ರೆ ಪೆಟ್ಟು ಅಂದ್ಕೊಂಡಿದ್ದೆ. ಎರಡಕ್ಕೆ ಮೂರು ಪೆಟ್ಟು ಬಿದ್ರೆ ಅದು ಪುಡಿ ಆಗ್ಬೇಕು, ಎಂಟು ಯಾಕಾಗುತ್ತೆ? ನಾನು ದಿನಾ ಕಲ್ಲಿಗೆ ಬಡೀತೀನಿ, ಒಂದು ಬಟ್ಟೇನೂ ಎರಡಾಗಿಲ್ಲ. ಹರಿದಿದ್ರೆ ಬೇರೆ ಮಾತು."

ನಾನು ನಕ್ಕೆ. ಅವಳು ನಗಲಿಲ್ಲ. ಗಂಟಿನ ಅಡಿಯಿಂದ ಒಂದು ನೋಟ್ ಪುಸ್ತಕ ತೆಗೆದು ತೋರಿಸಿದಳು. ಊರಿನ ವಿದ್ಯಾಸಮಿತಿ ನಡೆಸುತ್ತಿದ್ದ ಬಾಲವಾಡಿಯಲ್ಲಿ ಮಕ್ಕಳಿಗೆ ಹೇಳಿಕೊಡುವ ಒಂದು ಜಾಗ ಖಾಲಿ ಬಿದ್ದಿತ್ತು. ಅದಕ್ಕೊಂದು ಪರೀಕ್ಷೆ. ಮೂವತ್ತೈದು ದಾಟಿದವರು ಬರೆಯುವಂತಿಲ್ಲ. "ಇದೊಂದೇ ಸಲ, ಚಿಕ್ಕ ಮೇಷ್ಟ್ರೇ. ಕನ್ನಡ, ಸಾಮಾನ್ಯ ಜ್ಞಾನ ಹೆಂಗೋ ಆಗುತ್ತೆ. ಈ ಘಾತದ್ದೇ ಘಾತ." ಎರಡೂ ಅಂಗೈಗಳನ್ನು ಚಾಚಿದಳು. ನೀರಿನಲ್ಲಿ ನೆನೆದು ನೆನೆದು ಬೆರಳಿನ ಸಂದಿಗಳು ಬಿಳಿಚಿ ಬಿರುಕುಬಿಟ್ಟಿದ್ದವು. "ಈ ಕೈಗೆ ಸೀಮೆಸುಣ್ಣ ಹಿಡಿಸ್ಬೇಕು ಅಂತ ಆಸೆ. ಆಸೆ ಪಟ್ಟಿದ್ದಕ್ಕೆ ಮೈಲಿಗೆ ಇಲ್ವಲ್ಲ?"

ಅಂದಿನಿಂದ ನಾನು ಸಂಜೆಗೆ ಮುಂಚೆ ಅವಳ ಇಸ್ತ್ರಿಯ ಮರೆಗೆ ಹೋಗತೊಡಗಿದೆ. ಮೇಷ್ಟ್ರಿಗೆ ಹೇಳಲಿಲ್ಲ. ವಾಯುವಿಹಾರಕ್ಕೆ ಎಂದೆ. ಗುಣಾಕಾರ, ಭಾಗಾಕಾರ, ಭಿನ್ನರಾಶಿ ಎಲ್ಲವನ್ನೂ ಅವಳು ಬೇಗ ಹಿಡಿದಳು. ಘಾತ ಮಾತ್ರ ಜಾರಿಹೋಗುತ್ತಿತ್ತು. ಐದರ ಎರಡನೇ ಘಾತ ಹತ್ತು, ನಾಲ್ಕರ ಮೂರನೇ ಘಾತ ಹನ್ನೆರಡು. ಒಂದು ದಿನ ನಾನು ಸಹನೆಗೆಟ್ಟು, "ಎಷ್ಟು ಸಲ ಹೇಳುವುದು ನಿನಗೆ" ಎಂದು ಗದರಿದೆ. ಅವಳು ಒಂದು ಹೊದಿಕೆಯನ್ನು ಕೊಡವಿ ಮಡಿಸಲು ಶುರುಮಾಡಿದಳು. ಒಂದು ಸಲ ಮಡಿಸಿದಳು. ಎರಡನೇ ಸಲ ಮಡಿಸಿದಳು. ಮೂರನೇ ಸಲಕ್ಕೆ ಕೈ ಎತ್ತಿದವಳು ಹಾಗೇ ನಿಂತುಬಿಟ್ಟಳು.

"ಚಿಕ್ಕ ಮೇಷ್ಟ್ರೇ... ಮಡಿ! ದೊಡ್ಡ ಮೇಷ್ಟ್ರು ಹೇಳೋ ಮಡಿ ಅಲ್ಲ, ನಾನು ಮಾಡೋ ಮಡಿ!"

"ಏನು ಹೇಳುತ್ತಿದ್ದೀ?"

"ನೋಡಿ, ಒಂದು ಸಲ ಮಡಿಸ್ದೆ, ಎರಡು ಪದರ. ಇನ್ನೊಂದು ಸಲ ಮಡಿಸೋವಾಗ ನಾನು ಒಂದು ಪದರ ಮಡಿಸ್ತಾ ಇಲ್ಲ, ಎರಡನ್ನೂ ಸೇರಿಸ್ಕೊಂಡು ಮಡಿಸ್ತೀನಿ. ಅದಕ್ಕೇ ನಾಲ್ಕು. ಈಗ ಮೂರನೇ ಸಲ ನಾಲ್ಕನ್ನೂ ಸೇರಿಸ್ಕೊಂಡು. ಎಂಟು! ಹಿಂದಿಂದೆಲ್ಲ ಹೊತ್ಕೊಂಡು ಹೋಗುತ್ತೆ ಇದು. ಸೀರೇನ ಮೂರು ಮಡಿಕೆ ಹಾಕಿ, ಅದನ್ನ ಮತ್ತೆ ಮೂರು ಮಡಿಕೆ ಹಾಕಿದ್ರೆ ಒಂಬತ್ತು. ಮೂರರ ಎರಡನೇ ಘಾತ. ಸರಿನಾ?"

ಇಸ್ತ್ರಿಪೆಟ್ಟಿಗೆಯ ಕೆಳಗೆ ಯಾರದೋ ರವಿಕೆಯ ತೋಳು ಸೀಯುತ್ತಿತ್ತು. ಇಬ್ಬರೂ ನೋಡಲಿಲ್ಲ. ಕಮಟು ವಾಸನೆ ಬಂದಾಗ ಅವಳು "ಅಯ್ಯೋ, ಇದು ನಿಜವಾದ ಘಾತ" ಎಂದು ಪೆಟ್ಟಿಗೆ ಎತ್ತಿದಳು.

ಅವಳ ಹುರುಪಿಗೆ ಸ್ವಲ್ಪ ಕಡಿವಾಣ ಹಾಕಬೇಕೆನ್ನಿಸಿತೋ ಏನೋ, ನಾನು ಕೇಳಿದೆ: "ಹಾಗಾದರೆ ಎರಡರ ಸೊನ್ನೆಯ ಘಾತ?"

ಅದರ ಉತ್ತರ ಒಂದು ಎಂದು ನನಗೆ ಗೊತ್ತಿತ್ತು. ಸೊನ್ನೆಯನ್ನು ಬಿಟ್ಟು ಯಾವ ಸಂಖ್ಯೆಗಾದರೂ ಸೊನ್ನೆಯ ಘಾತ ಒಂದು. ಭಾಗಿಸುತ್ತ ಹಿಂದೆ ಬಂದರೆ ಸಿಗುತ್ತದೆ ಎಂದು ಕಾಲೇಜಿನಲ್ಲಿ ಬರೆದು ಅಂಕ ಪಡೆದಿದ್ದೆ. ಆದರೆ ಅದು ನಿಜವೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಏನನ್ನೂ ಮಾಡದಿದ್ದರೆ ಏನೂ ಇರಬಾರದಲ್ಲವೇ?

ಚೆನ್ನಾಜಮ್ಮ ಹೊದಿಕೆಯನ್ನು ಪೂರ್ತಿ ಬಿಚ್ಚಿ ತನ್ನ ಎರಡು ತೋಳುಗಳ ಮೇಲೆ ಹರಡಿಕೊಂಡಳು. "ಸೊನ್ನೆ ಸಲ ಮಡಿಸೋದು ಅಂದ್ರೆ ಮಡಿಸ್ದೇ ಇರೋದು. ಮಡಿಸ್ದಿದ್ರೂ ಬಟ್ಟೆ ಒಂದು ಪದರ ಇದ್ದೇ ಇದೆಯಲ್ಲ. ಮಡಿಸ್ಲಿಲ್ಲ ಅಂತ ಬಟ್ಟೆ ಇಲ್ದಂಗಾಗುತ್ತಾ?"

ನಾನು ತುಂಬ ಹೊತ್ತು ಆ ಹೊದಿಕೆಯನ್ನು ನೋಡಿದೆ. ನಾಲ್ಕು ವರ್ಷ ಓದಿದ ಗಣಿತ ಆ ಕ್ಷಣ ನನ್ನೊಳಗೆ ಮೊದಲ ಬಾರಿಗೆ ಕೂತಂತಾಯಿತು. ಸಂತೋಷವಾಯಿತೇ? ಆಯಿತು. ಅದರ ಬೆನ್ನಿಗೇ ಇನ್ನೊಂದು ಭಾವ ಬಂತು, ಹುಳಿತೇಗಿನಂತೆ. ಇದು ಇವಳಿಗೆ ಹೊಳೆಯಿತು, ನನಗೆ ಹೊಳೆಯಲಿಲ್ಲ.

ಪರೀಕ್ಷೆಯಲ್ಲಿ ಹೀಗೆ ಆಡುಮಾತಿನಲ್ಲಿ ಬರೆಯಬಾರದು ಎಂದು ಹೇಳಿ, ಅದನ್ನೇ ಗ್ರಂಥದ ಭಾಷೆಗೆ ತಿರುಗಿಸಿ ಬಾಯಲ್ಲಿ ಹೇಳಿದೆ. ಅವಳು ತನ್ನ ದುಂಡಕ್ಷರಗಳಲ್ಲಿ ಬರೆದುಕೊಂಡಳು: 'ಮಡಿಸದ ಬಟ್ಟೆಗೂ ಒಂದು ಪದರ ಇದ್ದೇ ಇರುತ್ತದೆ. ಮಡಿಸಲಿಲ್ಲವೆಂಬ ಕಾರಣಕ್ಕೆ ಬಟ್ಟೆ ಇಲ್ಲವಾಗುವುದಿಲ್ಲ.' ಬರೆದದ್ದನ್ನು ಎರಡು ಸಲ ಓದಿ, "ಎಷ್ಟು ನುಣ್ಣಗೆ ಮಾಡ್ಬಿಟ್ರಿ, ನನ್ನ ಮಾತಿಗೇ ಇಸ್ತ್ರಿ ಹಾಕ್ದಂಗೆ" ಎಂದಳು.

ಇದಾದ ಕೆಲವು ದಿನಗಳಿಗೆ ಮೇಷ್ಟ್ರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. ಸಮಿತಿಯವರು ಆ ಪರೀಕ್ಷೆಯ ಗಣಿತದ ಪ್ರಶ್ನೆಪತ್ರಿಕೆಯನ್ನು ಅವರಿಂದಲೇ ತಯಾರು ಮಾಡಿಸುತ್ತಿದ್ದರು, ಯಾರಿಗೂ ತಿಳಿಯಕೂಡದು. ಅವರು ಹೇಳಿದರು, ನಾನು ಬರೆದೆ. ಪ್ರಶ್ನೆಗಳು ಒಂದು ಹಾಳೆಯಲ್ಲಿ, ಮಾದರಿ ಉತ್ತರಗಳು ಇನ್ನೊಂದರಲ್ಲಿ. ಕರವಸ್ತ್ರ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು. ಕೊನೆಯ ಪ್ರಶ್ನೆಗೆ ಅವರು ತಡೆದರು. ಸೊನ್ನೆಯ ಘಾತವನ್ನು ಕೇಳಬೇಕು, ಆದರೆ ಬಾಯಿಪಾಠ ಒಪ್ಪಿಸುವಂತಿರಬಾರದು, ಒಂದು ದೃಷ್ಟಾಂತ ಬೇಕು ಎಂದರು. ನಾನು ಒಂದನ್ನು ಹೇಳಿದೆ. ಅವರಿಗೆ ಬಹಳ ಇಷ್ಟವಾಯಿತು. ಎರಡೂ ಹಾಳೆಗಳನ್ನು ಲಕೋಟೆಗೆ ಹಾಕಿ ಅರಗು ಒತ್ತಿದೆವು.

ಪ್ರಶ್ನೆಗಳಲ್ಲಿ ಒಂದನ್ನೂ ನಾನು ಚೆನ್ನಾಜಮ್ಮನಿಗೆ ಹೇಳಲಿಲ್ಲ. ಅಷ್ಟು ಪ್ರಾಮಾಣಿಕ ನಾನು. ಆ ಪ್ರಾಮಾಣಿಕತೆಯನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಪರೀಕ್ಷೆಯ ದಿನ ಅವಳು ಬೀದಿಯ ತುದಿಯಿಂದಲೇ ಕೂಗುತ್ತ ಬಂದಳು. "ಚಿಕ್ಕ ಮೇಷ್ಟ್ರೇ, ಕೊನೇ ಪ್ರಶ್ನೆ ಏನು ಬಂದಿತ್ತು ಹೇಳಿ ನೋಡಣ?"

"ಏನು?"

"ನಮ್ಮ ಬಟ್ಟೆ! ಸೊನ್ನೆಯ ಘಾತ ಒಂದು ಯಾಕೆ, ದೃಷ್ಟಾಂತ ಕೊಟ್ಟು ವಿವರಿಸಿ ಅಂತ. ನೀವು ಇಸ್ತ್ರಿ ಹಾಕ್ಕೊಟ್ಟಂಗೇ ಬರ್ದೆ, ಒಂದಕ್ಷರ ಬಿಡ್ಲಿಲ್ಲ. ಪಾಸಾದ್ರೆ ನಿಮ್ಮ ಬಟ್ಟೆ ಇನ್ಮೇಲೆ ಪುಕ್ಕಟೆ ಒಗೆದು ಕೊಡ್ತೀನಿ. ಅಲ್ಲಲ್ಲ, ಬಾಲವಾಡಿ ಟೀಚರು ಬಟ್ಟೆ ಒಗೀಬಾರ್ದಲ್ವಾ? ಆಗ ನೀವೇ ಒಗ್ಕೊಳ್ಳಿ!"

ನಾನು ನಗಲು ಪ್ರಯತ್ನಪಟ್ಟೆ.

ಉತ್ತರಪತ್ರಿಕೆಗಳು ಮೇಷ್ಟ್ರಲ್ಲಿಗೇ ಬಂದವು. ಹೆಸರಿಲ್ಲ, ಬರಿಯ ಸಂಖ್ಯೆ. ನಾನು ಓದುವುದು, ಅವರು ಕೇಳಿ ಅಂಕ ಹೇಳುವುದು. ದುಂಡಕ್ಷರದ ಪತ್ರಿಕೆ ಬಂದಾಗ ಅವಳದೇ ಎಂದು ಗುರುತು ಸಿಕ್ಕಿತು. ಲೆಕ್ಕಗಳೆಲ್ಲ ಸರಿ. ಘಾತಗಳೆಲ್ಲ ಸರಿ, ಎರಡರ ಐದನೆಯ ಘಾತ ಮೂವತ್ತೆರಡು ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಕೊನೆಯ ಉತ್ತರ ಬಂತು. ಒಂದೆರಡು ಪದ ಆಚೀಚೆ ಮಾಡಿ ಓದಿದ್ದರೆ ಮುಗಿಯುತ್ತಿತ್ತು. ನಾನು ಅವಳು ಬರೆದಿದ್ದ ಹಾಗೆಯೇ ಓದಿದೆ.

ಮೇಷ್ಟ್ರ ಬೆರಳುಗಳ ನಡುವೆ ಇದ್ದ ನಸ್ಯ ಮೂಗಿಗೆ ಹೋಗದೆ ಗಾಳಿಯಲ್ಲೇ ನಿಂತಿತು.

"ಇನ್ನೊಮ್ಮೆ ಓದು."

ಓದಿದೆ.

"ನಿನ್ನ ಮಾತೇ ಅಲ್ಲವೇನಯ್ಯ ಇದು? ಅಕ್ಷರಕ್ಕೆ ಅಕ್ಷರ! ಲಕೋಟೆಯೊಳಗಿನ ಮಾತು ಹೊರಗೆ ಹೇಗೆ ಬಂತು?"

ಹೌದು. ಆ ದಿನ ಬಾಗಿಲು ಹಾಕಿದ ಕೋಣೆಯಲ್ಲಿ ನಾನು ಹೇಳಿದ್ದು ಅವಳ ಬಟ್ಟೆಯನ್ನೇ, ಅವಳಿಗೆ ಬರೆಸಿದ್ದ ಅದೇ ಮಾತುಗಳಲ್ಲಿ. ಹೇಳಿದಾಗ ಮೇಷ್ಟ್ರು, ಎಂದೂ ಯಾರನ್ನೂ ಹೊಗಳದ ಮೇಷ್ಟ್ರು, ತಮ್ಮ ಮಂಜುಗಣ್ಣುಗಳನ್ನು ನನ್ನ ಕಡೆಗೆ ತಿರುಗಿಸಿ, "ಭಲೆ! ಮಡಿ ಎಂಬ ಮಾತಿಗೆ ಇಂಥ ಅರ್ಥ ನನಗೇ ಹೊಳೆದಿರಲಿಲ್ಲ. ಇದು ನಿನಗೇ ಹೊಳೆಯಿತೇನಯ್ಯ?" ಎಂದು ಕೇಳಿದ್ದರು. ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. ತಲೆ ತಗ್ಗಿಸಿದೆ. ಅದನ್ನು ಅವರು ವಿನಯವೆಂದುಕೊಂಡರು. ಬಟ್ಟೆ ಒಗೆಯುವವಳಿಂದ ಕಲಿತೆ ಎಂದು ಆ ಮನೆಯಲ್ಲಿ, ಆ ಗಳುವಿನ ಕೆಳಗೆ ಕೂತು, ಹೇಗೆ ಹೇಳುವುದು? ಮೇಷ್ಟ್ರ ಮಡಿಯನ್ನು ಕಂಡು ಹೇಸುತ್ತಿದ್ದವನೂ ನಾನೇ, ಆ ಹೊಗಳಿಕೆಗೆ ಅವಳ ಹೆಸರು ತಾಗಿ ಮೈಲಿಗೆಯಾಗದಂತೆ ಕಾದುಕೊಂಡವನೂ ನಾನೇ.

ಈಗಲಾದರೂ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಆದರೆ ಈಗ ಹೇಳಬೇಕಾದರೆ ಅಂದು ತಲೆ ತಗ್ಗಿಸಿದ್ದನ್ನೂ ಸೇರಿಸಿ ಹೇಳಬೇಕಾಗಿತ್ತು. ಎರಡನೆಯ ಮೌನ ಮೊದಲನೆಯದರ ಪಕ್ಕದಲ್ಲಿ ಕೂರಲಿಲ್ಲ, ಅದನ್ನೂ ಒಳಗೆ ಸೇರಿಸಿಕೊಂಡು ಮಡಿಸಿತು.

ಎರಡು ದಿನದ ನಂತರ, ಮಟಮಟ ಮಧ್ಯಾಹ್ನ, ಸಮಿತಿಯ ಕೋಣೆಯಲ್ಲಿ ವಿಚಾರಣೆ ನಡೆಯಿತು. ಕಾರ್ಯದರ್ಶಿ ಶಾಂತವೀರಪ್ಪ, ಸಮಿತಿಯ ಇಬ್ಬರು ಸದಸ್ಯರು, ಮೇಷ್ಟ್ರು, ನಾನು. ಚೆನ್ನಾಜಮ್ಮ ಬಟ್ಟೆ ಕೊಡಲು ಹೊರಟವಳು ಗಂಟಿನೊಂದಿಗೇ ಬಂದಿದ್ದಳು. ಕೂರಲು ಯಾರೂ ಹೇಳಲಿಲ್ಲ.

"ನೋಡಮ್ಮ" ಎಂದರು ಶಾಂತವೀರಪ್ಪ, "ನೀನು ಬರೆದ ಮಾತೂ ಲಕೋಟೆಯಲ್ಲಿದ್ದ ಮಾತೂ ಒಂದೇ. ಎಲ್ಲಿಂದ ತಂದೆ?"

"ಎಲ್ಲಿಂದ ತರ್ಲಿ ಸ್ವಾಮಿ? ನನ್ನ ಕೈಯಲ್ಲೇ ಇರೋ ಮಾತು."

"ನಮ್ಮನೆಗೆ ಬಟ್ಟೆಗೆ ಬರ್ತಾಳೆ" ಎಂದರು ಮೇಷ್ಟ್ರು. "ನನಗೆ ಕಣ್ಣು ಕಾಣದು. ಕಾಗದ ಎಲ್ಲಿ ಬಿಟ್ಟಿದ್ದೆನೋ. ಮೆಟ್ಟಿಲ ಮೇಲೆ ಕೂತೇ ಇರ್ತಾಳೆ ಸಂಜೆಯೆಲ್ಲ, ಯಾಕೆ ಅಂತ ಈಗ ತಿಳೀತು." ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಅದು ಅವಳೇ ಒಗೆದದ್ದು.

ಚೆನ್ನಾಜಮ್ಮ ನೋಟ್ ಪುಸ್ತಕ ತೆರೆದು ಮೇಜಿನ ಮೇಲಿಟ್ಟಳು. ಶಾಂತವೀರಪ್ಪ ಆ ಪುಟವನ್ನು ಓದಿ, ಉಳಿದಿಬ್ಬರಿಗೂ ತೋರಿಸಿ, "ಇನ್ನೇನು ಬೇಕು? ಕದ್ದು ಬರ್ಕೊಂಡಿರೋದು ಇಲ್ಲೇ ಇದೆಯಲ್ಲ, ಅವಳದೇ ಅಕ್ಷರದಲ್ಲಿ" ಎಂದರು.

ಅವಳ ಕಿವಿಯ ತುದಿ ಕೆಂಪಾಯಿತು. ಗಂಟು ಬಿಚ್ಚಿ ಒಂದು ಪಂಚೆ ಎಳೆದಳು. "ಇದು ನಿಮ್ಮದೇ ಪಂಚೆ ಸ್ವಾಮಿ. ಐದು ಸಲ ಮಡಿಸಿದ್ರೆ ಎಷ್ಟು ಪದರ ಆಗುತ್ತೆ, ಹೇಳಿ."

"ಹತ್ತು" ಎಂದರು ಶಾಂತವೀರಪ್ಪ. "ಅದಕ್ಕೇನು ಈಗ?"

"ಮೂವತ್ತೆರಡು." ಅವಳು ಮಡಿಸುತ್ತ ಹೋದಳು. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಒಂದೊಂದು ಸಲವೂ ಅಂಗೈಯಿಂದ ಒತ್ತಿ ಮಟ್ಟ ಮಾಡಿದಳು. "ಎಣಿಸ್ಕೊಳ್ಳಿ. ಕದ್ದವಳಿಗೆ ಮಾತು ಗೊತ್ತಿರುತ್ತೆ ಸ್ವಾಮಿ, ಲೆಕ್ಕ ಗೊತ್ತಿರಲ್ಲ."

ಸದಸ್ಯರೊಬ್ಬರು ಬಗ್ಗಿ ಎಣಿಸತೊಡಗಿ, ಅರ್ಧಕ್ಕೇ "ಇರಬಹುದು, ಇರಬಹುದು" ಎಂದು ಹಿಂದೆ ಸರಿದರು. ಶಾಂತವೀರಪ್ಪನವರ ಮುಖ ಬಿಗಿಯಿತು. "ಜಾಣೆ ಇದೀಯ, ಒಪ್ಪಿದೆ. ಆದರೆ ಮಾತಿಗೆ ಮಾತು ಒಂದೇ ಹೇಗೆ? ಅದಕ್ಕೆ ಉತ್ತರ ಹೇಳು."

"ಮಾತು ನಂದು. ನುಣ್ಣಗೆ ಮಾಡಿದ್ದು ಚಿಕ್ಕ ಮೇಷ್ಟ್ರು." ಅವಳು ನನ್ನ ಕಡೆಗೆ ತಿರುಗಿದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಇನ್ನೇನು ಮುಗಿಯಿತು ಎಂಬ ಬಿಡುಗಡೆ ಇತ್ತು. "ಹೇಳಿ ಚಿಕ್ಕ ಮೇಷ್ಟ್ರೇ. ರವಿಕೆ ಸುಟ್ಟೋಯ್ತಲ್ಲ, ಆವತ್ತು."

"ಅವನನ್ನು ಯಾಕೆ ಎಳೀತೀಯೆ?" ಮೇಷ್ಟ್ರು ಗುಡುಗಿದರು. "ಆ ದೃಷ್ಟಾಂತ ಅವನ ಸ್ವಂತದ್ದು. ನನ್ನೆದುರಿಗೇ ಹೊಳೆದದ್ದು. ಅಲ್ಲವೇನಯ್ಯ?"

ಮೇಷ್ಟ್ರು ಸುಳ್ಳು ಹೇಳುತ್ತಿರಲಿಲ್ಲ. ತಾವು ನಂಬಿದ್ದನ್ನೇ ಹೇಳುತ್ತಿದ್ದರು. ಅಷ್ಟು ದಿನ ನಾನು ಅವರ ಮೇಲೆ ಕೂಡಿಟ್ಟುಕೊಂಡಿದ್ದ ಅಸಹ್ಯ, ಆ ಕೋಣೆಯಲ್ಲಿ ನಿಲ್ಲಲು ಜಾಗವಿಲ್ಲದೆ, ನನ್ನ ಮೇಲೇ ಬಂದು ಕೂತಿತು.

ನಾನು ಪಂಚೆಯ ಅಂಚನ್ನು ನೋಡಿದೆ. ಒಂದು, ಎರಡು, ಮೂರು. ಹತ್ತೊಂಬತ್ತು. ಮತ್ತೆ ಒಂದು, ಎರಡು. ಅವಳ ಕೈಗಳು ಅಲುಗಿದಂತಾಯಿತು. ಇನ್ನೊಂದು ಸಲ ಮಡಿಸಿದಳೋ ಏನೋ. ಕೊನೆಗೆ ಶಾಂತವೀರಪ್ಪನವರ ದನಿ ಕೇಳಿತು. "ಪಾಪ, ಮಾತಾಡಕ್ಕೂ ಹೇಸ್ತಾ ಇದಾರೆ. ಸಾಕು ಬಿಡಿ."

ಪತ್ರಿಕೆ ರದ್ದಾಯಿತು. ಬಾಲವಾಡಿಗೆ ಬೇರೆ ಯಾರೋ ಬಂದರು. ಮೇಷ್ಟ್ರ ಮನೆಯಲ್ಲಿ ಅವಳು ಒಗೆದಿದ್ದ ಬಟ್ಟೆಗಳನ್ನೆಲ್ಲ ಗಳುವಿನಿಂದ ಇಳಿಸಿ ಮತ್ತೆ ನೀರಿಗೆ ಹಾಕಿದರು; ಕಳ್ಳಿಯ ಕೈ ಎಂದು. ಅವಳನ್ನು ಬಿಡಿಸಿ ಬೇರೆಯವರನ್ನು ಗೊತ್ತುಮಾಡಿದರು. ನನಗೆ ಆ ವರ್ಷವೇ ಪ್ರೌಢಶಾಲೆಯಲ್ಲಿ ಕೆಲಸವಾಯಿತು. ಮೇಷ್ಟ್ರು ತಮ್ಮ ಪತ್ರದಲ್ಲಿ ನನ್ನನ್ನು 'ಸ್ವಂತ ಬುದ್ಧಿಯುಳ್ಳ ಯುವಕ' ಎಂದು ಬರೆಸಿದ್ದರು. ಬರೆದವನು ನಾನೇ.

ಕೆಲಸಕ್ಕೆ ಸೇರುವ ಹಿಂದಿನ ದಿನ ಇಸ್ತ್ರಿಯ ಮರೆಗೆ ಹೋದೆ. ವಿಚಾರಣೆಗೂ ಮುಂಚೆ ಕೊಟ್ಟಿದ್ದ ನನ್ನದೊಂದು ಬಿಳಿ ಅಂಗಿ ಅವಳಲ್ಲೇ ಉಳಿದಿತ್ತು. ಹೇಳಿಬಿಡುತ್ತೇನೆ, ಅವಳಿಗಾದರೂ ಹೇಳಿಬಿಡುತ್ತೇನೆ ಎಂದುಕೊಂಡು ಹೋಗಿದ್ದೆ. ಅವಳು ನನ್ನನ್ನು ಕಂಡು ಎದ್ದಳು. ಅಂಗಿಗೆ ಇಸ್ತ್ರಿ ಆಗಿತ್ತು, ಒಂದು ಸುಕ್ಕೂ ಇರಲಿಲ್ಲ. ಆದರೆ ಅದನ್ನು ಅವಳು ಮಡಿಸಿರಲಿಲ್ಲ. ತನ್ನ ಎರಡು ತೋಳುಗಳ ಮೇಲೆ ಹರಡಿಕೊಂಡು ತಂದು ನನ್ನ ಮುಂದೆ ಹಿಡಿದಳು.

"ಮಡಿಸಿಲ್ಲ, ಮೇಷ್ಟ್ರೇ."

ಚಿಕ್ಕ ಎನ್ನಲಿಲ್ಲ. ನಾನು ಅಂಗಿಯನ್ನು ಹಾಗೇ ತೋಳುಗಳ ಮೇಲೆ ತೆಗೆದುಕೊಂಡು, ಮಡಿಸಲೂ ಆಗದೆ, ತೊಡಲೂ ಆಗದೆ, ಬೀದಿಯುದ್ದಕ್ಕೂ ಹಾಗೇ ಹೊತ್ತು ನಡೆದೆ. ಗಾಳಿಗೆ ಅದರ ತೋಳುಗಳು ನನ್ನ ಮೊಣಕಾಲಿಗೆ ತಾಗುತ್ತಿದ್ದವು.

ಅಂದಿನಿಂದ ನಾನು ಘಾತಗಳನ್ನು ಹೇಳಿಕೊಡುತ್ತಲೇ ಬಂದಿದ್ದೇನೆ. ಪ್ರತಿವರ್ಷ ಒಬ್ಬರಾದರೂ ಎರಡರ ಮೂರನೆಯ ಘಾತ ಆರು ಎನ್ನುತ್ತಾರೆ. ಆಗ ಜೇಬಿನಿಂದ ಬಿಳಿಯ ಕರವಸ್ತ್ರ ತೆಗೆದು ಮಡಿಸಿ ತೋರಿಸುತ್ತೇನೆ. ಎರಡು, ನಾಲ್ಕು, ಎಂಟು. ಕೊನೆಗೆ ಪೂರ್ತಿ ಬಿಚ್ಚಿ, ಎರಡು ಕೈಯಲ್ಲಿ ಎತ್ತಿ ಹಿಡಿದು, ಮಡಿಸದ ಬಟ್ಟೆಗೂ ಒಂದು ಪದರ ಇದ್ದೇ ಇರುತ್ತದೆ ಎನ್ನುತ್ತೇನೆ. ತರಗತಿಯಲ್ಲಿ ಮುಖಗಳು ಒಂದೊಂದಾಗಿ ಬೆಳಗುತ್ತವೆ. "ಇದು ನಿಮಗೆ ಹೇಗೆ ಹೊಳೀತು ಸಾರ್?" ಎಂದು ಯಾರಾದರೂ ಕೇಳುತ್ತಾರೆ. ನಾನು ತಲೆ ತಗ್ಗಿಸಿ ಕರವಸ್ತ್ರವನ್ನು ಮತ್ತೆ ಮಡಿಸುತ್ತೇನೆ.

ಇದು ಚೆನ್ನಾಜಮ್ಮನ ಮಾತು ಎಂದು ನಾನು ಯಾರಿಗೂ ಹೇಳಿಲ್ಲ.